ಗೆಣ್ಣಿನ ಮೇಲೆ ನಿಂತ ಬಳೆ

ರೇಣುಕಾಳ ಹೆಬ್ಬೆರಳಿನ ಗೆಣ್ಣಿನ ಮೇಲೆ ಹಸಿರು ಬಳೆ ನಿಂತಿದೆ, ಒಳಗೂ ಇಲ್ಲ ಹೊರಗೂ ಇಲ್ಲ, ನನ್ನ ತಂದೆ, ಅಬ್ಬಾ, ಅದನ್ನು ನೂಕುವುದಿಲ್ಲ, ಕೈಯನ್ನು ಮೆಲ್ಲಗೆ ಹಿಚುಕುತ್ತ ಕಾಯುತ್ತಾರೆ, ನಾನು ಪಕ್ಕದಲ್ಲಿ ಮಲಾರದ ದಾರ ಬಿಚ್ಚಿ ಬಳೆ ಕೊಡುತ್ತ ಕೂತಿದ್ದೇನೆ — ನನಗೊಂದು ಸಣ್ಣ ಚಿಂತೆ, ನನ್ನಷ್ಟಕ್ಕೇ ಹೇಳಿಕೊಳ್ಳುವಂಥದ್ದು, ನನ್ನ ಗೆಣ್ಣು ಇವಳದಕ್ಕಿಂತ ದಪ್ಪವೇ, ನನಗೆ ಎರಡು-ಆರರ ಅಳತೆ ಸಾಕಾದೀತೇ, ಎರಡು-ಎಂಟು ಬೇಕಾದೀತೇ, ಇವತ್ತಿನಂಥ ದಿನವೂ ಹುಡುಗಿಗೆ ಇದೇ ಚಿಂತೆ — ಹುಡುಗಿ, ಹೌದು, ಈ ಬಾಗೇವಾಡಿ ಬಜಾರಿನಲ್ಲಿ ಎಲ್ಲರಿಗೂ ನಾನು ಬಳೆಗಾರ ಮಲಿಕಸಾಬರ ಮಗ ತಬ್ರೇಜ, ಬಿ.ಎ. ಪಾಸಾಗಿ ಅಂಗಡಿ ಸೇರಿದ ಬಾಯಿಲ್ಲದ ಹುಡುಗ, ನಾನೇ ಇಟ್ಟುಕೊಂಡ ಅಲ್ಮಾಸ ಎಂಬ ಹೆಸರು ಗೊತ್ತಿರುವುದು ನನ್ನ ಡೈರಿಗೆ, ಮತ್ತೆ ವಿಜಯಪುರದ ಆ ಡಾಕ್ಟರಿಗೆ. ಸಂಜೆಗೆ ಗೊಳಸಂಗಿಯಿಂದ ಬುಶ್ರಾಳ ಮನೆಯವರು ಬರುತ್ತಾರೆ, ನಿಕಾಹದ ದಿನ ಗೊತ್ತುಮಾಡಲು, ನನ್ನ ಮತ್ತು ಬುಶ್ರಾಳ ನಿಕಾಹ, ಅಮ್ಮ ಬೆಳಿಗ್ಗೆಯೇ ಹೇಳಿಟ್ಟಿದ್ದಾಳೆ, ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟೇನಿ ತಬ್ರೇಜ, ಅವ್ರ ಮುಂದ ನೆಲಾ ನೋಡ್ಕೋತ ಕುಂದರಬ್ಯಾಡ, ಗಂಡಸಿನ್ಹಂಗ ಮಾತಾಡು. ಬುಶ್ರಾಳ ಕೈಯನ್ನು ಒಮ್ಮೆ ನೋಡಿದ್ದೇನೆ, ದೇವರ ಹಿಪ್ಪರಗಿಯ ಸಂತೆಯಲ್ಲಿ, ಉಗುರಿನ ತುದಿಗೆ ಹಳೆಯ ಮೆಹಂದಿ ಉಳಿದಿತ್ತು, ಆ ಕೈ ಹಿಡಿಯಬೇಕೆನಿಸಲಿಲ್ಲ, ಅಂಥ ಕೈ ನನ್ನದಾಗಿದ್ದರೆ ಎನಿಸಿತು, ಇದನ್ನು ಹೇಳದೆ ಹೇಗೆ ಕಬೂಲ್ ಅನ್ನಲಿ, ಅಂದುಬಿಟ್ಟರೆ ಅವಳ ಬಾಳೂ ಹೋಯಿತು ನನ್ನದೂ ಹೋಯಿತು, ಪಾಪ, ಆ ಹುಡುಗಿ ನನಗೇನು ಮಾಡಿದ್ದಳು.

ಬಾಗಿಲ ಮೇಲಿನ ಟಿ.ವಿ.ಯಲ್ಲಿ ನಾಲ್ಕು ಚೌಕಗಳೊಳಗೆ ನಾಲ್ಕು ಜನ ಕೂಗುತ್ತಿದ್ದಾರೆ, ವಿಶ್ವ ಆರೋಗ್ಯ ಸಂಸ್ಥೆ ನನ್ನಂಥವರ ಚಿಕಿತ್ಸೆಗೆ ಮಾರ್ಗಸೂಚಿ ಬರೆಸಲು ಹೊರಟಿದೆಯಂತೆ, ಬರೆಯುವ ಸಮಿತಿಯವರು ಎಲ್ಲರೂ ಒಂದೇ ಕಡೆಯವರು ಎನ್ನುತ್ತಾನೆ ಒಬ್ಬ, ಹಾರ್ಮೋನು ಕೊಡಲು ಪುರಾವೆ ಸಾಲದು ಎನ್ನುತ್ತಾನೆ ಇನ್ನೊಬ್ಬ, ಪುರಾವೆ ಕೂಡುವ ತನಕ ಅವರು ಬದುಕಿರಬೇಕಲ್ಲ ಎಂದ ಕನ್ನಡಕದ ಹೆಂಗಸಿನ ಮಾತು ಗದ್ದಲದಲ್ಲಿ ಮುಳುಗಿತು. ಡಾಕ್ಟರೂ ಇದನ್ನೇ ಹೇಳಿದ್ದರು, ನೋಡಪಾ, ಇದರ ಮ್ಯಾಲ ದುನಿಯಾದಾಗೆಲ್ಲಾ ಜಗಳ ನಡದೈತಿ, ಆ ಮಾರ್ಗಸೂಚಿ ಬರ್ಲಿ, ಆಮ್ಯಾಲ ನೋಡೂಣು — ಯಾವಾಗ ಬರತೈತ್ರಿ, ಇಷ್ಟು ಕೇಳಲು ನನಗೆ ಬಾಯಿ ಬರಲಿಲ್ಲ, ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು, ಗಲ್ಲದ ಮೇಲಿನ ಕೂದಲು ಮಾತ್ರ ಯಾವ ಸಮಿತಿಗೂ ಕಾಯುವುದಿಲ್ಲ, ದಿನಾ ಬರುತ್ತದೆ, ಬ್ಲೇಡು ತಾಗಿದಲ್ಲಿ ಈಗಲೂ ಉರಿ. ಅವತ್ತು ಡಾಕ್ಟರ ಹತ್ತಿರದಿಂದ ಬರುತ್ತ ಬಾಗೇವಾಡಿಯಲ್ಲಿ ಇಳಿದು ಮನೆಗೆ ಹೋಗಲಿಲ್ಲ, ಬಸ್ಸು ಬದಲಿಸಿ ಆಲಮಟ್ಟಿಯ ತನಕ ಹೋದೆ, ಹಿನ್ನೀರಿನ ಅಂಚಿಗೆ ನಿಂತೆ, ಎಷ್ಟು ಹೊತ್ತೋ, ಬಲೆ ಒಣಹಾಕುತ್ತಿದ್ದವನೊಬ್ಬ ಏ ತಮ್ಮಾ, ಹಿಂದಕ್ಕ ಸರಿ, ಕಲ್ಲು ಜಾರತಾವು ಅಂದ, ತಮ್ಮಾ ಅಂದ, ಆದರೂ ಸರಿದೆ, ಅವನು ಅಷ್ಟು ಅನ್ನದಿದ್ದರೆ — ಬೇಡ, ಬಳೆ ನೋಡು, ರೇಣುಕಾಳ ಗೆಣ್ಣು ನೋಡು, ಅಬ್ಬಾ ಸೋಪಿನ ನೀರು ಸವರಿದರು, ಬಳೆ ಜಾರಿ ಮಣಿಕಟ್ಟಿಗೆ ಬಂತು. ಏನ್ ಒದರತಾವೋ ಮಾರಾಯಾ, ರೇಣುಕಾಳ ಅತ್ತೆ ಕಾಶಿಬಾಯಿ ಟಿ.ವಿ.ಯತ್ತ ಕೈ ಬೀಸುತ್ತಾಳೆ, ನಮ್ಮ ನಳದ ಮುಂದಿನ ಜಗಳಾನ ಚಲೋ, ಅಲ್ಲಿ ಕಡೀಕ ಒಂದು ಕೊಡಾ ನೀರರ ಸಿಗತೈತಿ. ಅಬ್ಬಾ ನಗುತ್ತಾರೆ, ದೇವ್ರು ಕೊಟ್ಟ ಮೈ ತಿದ್ದಾಕ ಸಮಿತಿ ಬೇಕಂತ, ನೋಡು ಮಗಳ — ಸಿಟ್ಟಿಲ್ಲ ಆ ಮಾತಿನಲ್ಲಿ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನಾ ಮಗಳಾದ್ರ ನೀ ಎಂಥಾ ಮುದಕನೋ ಮಲಿಕಸಾಬ, ಎನ್ನುತ್ತಾಳೆ ಕಾಶಿಬಾಯಿ. ಅಬ್ಬಾಗೆ ಕೈ ಚಾಚಿದವರೆಲ್ಲ ಮಗಳೇ, ಮುದುಕಿಯೂ ಮಗಳು, ಕೂಸೂ ಮಗಳು, ಈ ಕಸುಬೇ ಹಾಗೆ, ಪರಾಯಿ, ಬೇರೆ ಮನೆಯ ಹೆಂಗಸರ ಕೈ ಹಿಡಿಯಬೇಕಲ್ಲ, ದಿನವಿಡೀ ನನ್ನ ಕಿವಿಯ ಪಕ್ಕದಲ್ಲೇ ಮಗಳ, ಮಗಳ, ಒಮ್ಮೆಯೂ ನನಗಲ್ಲ. ಕಾಕಾ, ಈ ಹಸರು ಭಾಳ ಕಪ್ಪ ಕಾಣತೈತ್ರಿ, ತಗದು ಗಿಳಿಹಸರು ಇಡ್ರಿ, ಎಂದಳು ರೇಣುಕಾ. ಆಗಂಗಿಲ್ಲ ಮಗಳ, ಹೆಣ್ಮಗಳ ಕೈಗೆ ಏರಿಸಿದ ಬಳಿ ನಾ ಇಳಸಾಂವಲ್ಲ, ತಾನಾಗಿ ಒಡೀಬೇಕು, ಅಲ್ಲೀತನಾ ಇರ್ಲಿ — ಅಜ್ಜನ ಕಾಲದಿಂದ ಇದೇ ಮಾತು, ಗಿರಾಕಿ ಸಿಟ್ಟಾದರೂ ಇದೇ ಮಾತು.

ಚಟ್ ಎಂದಿತು ಒಂದು ಬಳೆ, ಚಾಪೆಯ ಮೇಲೆ ಹಸಿರು ಚೂರು, ಅಷ್ಟರಲ್ಲಿ ರೇಣುಕಾಳ ಫೋನು ರಿಂಗಣಿಸಿತು, ಅವಳು ಕೈ ಹಿಂದೆಳೆದುಕೊಂಡಳು, ನಾನು ಚೂರು ಆರಿಸಲು ಕೈ ಚಾಚಿದೆ, ಅಬ್ಬಾನ ಕಣ್ಣು ಟಿ.ವಿ. ಮೇಲೆ, ಚಾಪೆಯ ಮೇಲೆ ಸಿಕ್ಕ ಕೈ ಹಿಡಿದರು, ನನ್ನ ಕೈ, ಮಡಚಿದರು, ಹೆಬ್ಬೆರಳಿನ ಬುಡ ಒತ್ತಿ ನೋಡಿದರು, ಕಣ್ಣು ಅತ್ತಲೇ ಇಟ್ಟು ಎರಡು-ಆರು ಎಂದರು, ಎರಡು-ಆರೇ ಸಾಕಂತೆ, ಕೈ ಸಡ್ಲ ಬಿಡು ಮಗಳ, ಹೆದರಬ್ಯಾಡ — ಎಳೆದುಕೊಳ್ಳಬೇಕಿತ್ತು, ಎಳೆದುಕೊಳ್ಳಲಿಲ್ಲ, ಒಂದು ಏರಿತು, ತಣ್ಣಗೆ, ಇನ್ನೊಂದು, ಮತ್ತೊಂದು, ಇದು ಮುಗಿಯದೇ ಇರಲಿ ಯಾ ಅಲ್ಲಾ, ಆ ನಾಲ್ವರು ಕೂಗುತ್ತಲೇ ಇರಲಿ, ಅಬ್ಬಾ ಅವರನ್ನೇ ನೋಡುತ್ತಿರಲಿ, ನಾಲ್ಕನೆಯದು ಗೆಣ್ಣಿಗೆ ಬಂತು. ಅಯ್ಯ ಮಲಿಕಸಾಬ, ಕಾಶಿಬಾಯಿ ಬಿದ್ದು ಬಿದ್ದು ನಗುತ್ತಿದ್ದಾಳೆ, ಎಲ್ಲಿ ಐತಿ ನಿನ್ನ ಧ್ಯಾನ, ಮಗನ ಕೈಗೆ ಬಳಿ ಏರಸಾಕತ್ತೀಯಲ್ಲೋ, ಸಂಜಿಗೆ ಬೀಗರು ಬರ್ತಾರ, ಮದಿಮಗಾ ಯಾಂವ, ಮದಿಮಗಳು ಯಾಕಿ! ಅಬ್ಬಾ ಕೆಳಗೆ ನೋಡಿದರು, ಮೊದಲು ಕೈ, ಆಮೇಲೆ ನನ್ನ ಮುಖ, ಅವರೂ ನಕ್ಕರು, ಏ ತಬ್ರೇಜ, ನೀನರ ಹೇಳಬಾರದೇನೋ, ತಡಿ ತಗೀತೇನಿ — ತೆಗೆಯುತ್ತಾರೆ, ಎಂದೂ ಯಾರ ಕೈಯಿಂದಲೂ ಇಳಿಸದವರು ನನ್ನ ಕೈಯಿಂದ ಇಳಿಸುತ್ತಾರೆ, ಮಗನ ಕೈ ತಾನೇ, ನಾಲ್ಕೂ ಮತ್ತೆ ಮಲಾರಕ್ಕೆ, ಆಮೇಲೆ ಬಿಳಿ ಅಂಗಿ, ಆಮೇಲೆ ಕಬೂಲ್, ಆಮೇಲೆ ಆಲಮಟ್ಟಿಯ ಕಲ್ಲು, ಬೆರಳು ಬಳೆಯ ಅಂಚಿಗೆ ಬಂತು, ಯಾರದೋ ದನಿ ಅಂಗಡಿಯಲ್ಲಿ, ತೆಳ್ಳಗೆ, ನನ್ನದೇ — ಇಳಸಬ್ಯಾಡ್ರಿ ಅಬ್ಬಾ, ನಾ ನಿಮ್ಮ ಮಗಳು ಅದೀನ್ರಿ.

ಕಾಶಿಬಾಯಿಯ ನಗು ನಿಂತಿತು. ಅಬ್ಬಾನ ಬೆರಳು ನಿಂತಿತು. ನನ್ನ ಕೈ ಇನ್ನೂ ಅವರ ಕೈಯಲ್ಲಿದೆ, ಬಿಟ್ಟಿಲ್ಲ, ಹಿಚುಕುತ್ತಲೂ ಇಲ್ಲ, ಮೂರು ಬಳೆ ಮಣಿಕಟ್ಟಿನಲ್ಲಿ, ನಾಲ್ಕನೆಯದು ಗೆಣ್ಣಿನ ಮೇಲೆ, ಹಸಿರು, ಗೆಣ್ಣಿನ ಮೇಲೆ —