ಕೆಟ್ಟ ಮಂಗಳವಾರಗಳು

ಮಾಂಡಲೆಯ ಆಸ್ಪತ್ರೆಗೆ ಹೊರಡುವ ಮುನ್ನ ಮ್ಯಾ ಯೀ ತನ್ನ ಎಲೆಅಡಿಕೆ ಅಂಗಡಿಯಲ್ಲಿ ನಲವತ್ತು ಕವಳ ಕಟ್ಟಿಟ್ಟಳು. ಒಂದನ್ನು ತನ್ನ ದವಡೆಗೆ ಒತ್ತಿಕೊಂಡಳು. ಗಂಡ ಥೌಂಗ್ ಶ್ವೆ ಬೆಂಚಿನ ಮೇಲೆ ಗಂಜಿ ನುಂಗಲು ಹೆಣಗುತ್ತಿದ್ದ. ಅವನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಂಟಿತ್ತು.

"ಇವತ್ತೂ ಮಂಗಳವಾರ. ಕರೆಂಟ್ ಹಾಕಿಸ್ಕೊಂಡು ಬಂದ್ಬಿಡೋಣ, ಬಾಟಲಿ ಬೇಡ," ಎಂದಳು.

ಎಲ್ಲರೂ ಕರೆಂಟ್ ಎನ್ನುವ ಕಿರಣ ಚಿಕಿತ್ಸೆ ದಿನವೂ ನಡೆಯುತ್ತಿತ್ತು. ಜೊತೆಗೆ ಬಾಟಲಿಯಿಂದ ರಕ್ತಕ್ಕೆ ಹನಿಸುವ ಔಷಧವನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಅವನ ಮೂತ್ರಪಿಂಡ ತಾಳದೆಂದು ವೈದ್ಯೆ ನಿಲಾರ್ ಅದನ್ನು ಆರು ಮಂಗಳವಾರಗಳಿಗೆ ಹಂಚಿದ್ದರು. ಎರಡು ಮುಗಿಯುವಷ್ಟರಲ್ಲಿ ಹೊಸ ತಿಂಗಳು ಹುಟ್ಟಿತು. ಪಂಚಾಂಗದ ಪ್ರಕಾರ ಆ ತಿಂಗಳ ಮಂಗಳವಾರಗಳೆಲ್ಲ ಅಶುಭ, ಮೈಯೊಳಗೆ ಹೊಸದೇನೂ ಸೇರಬಾರದು. ಚಿಕ್ಕ ಬಾಟಲಿ ತಾನೆ, ಹೋದರೆ ಹೋಯಿತು ಎಂದುಕೊಂಡು ಮ್ಯಾ ಯೀ ಎರಡು ವಾರ "ಒಂದೇ ಸಮ ವಾಂತಿ" ಎಂದು ಸುಳ್ಳು ಹೇಳಿ ತಪ್ಪಿಸಿದ್ದಳು. ತಾನು ಬಲು ಜಾಣೆ ಎಂದೇ ಅವಳ ನಂಬಿಕೆ, ಪಾಪ.

ಇವತ್ತು ಅದೇ ಸುಳ್ಳು ಹೇಳುವಾಗ ವೈದ್ಯೆಯ ಕಣ್ಣು ಅವಳ ಚೀಲದ ಮೇಲೆ ಬಿತ್ತು.

"ವಾಂತಿಗೆ ಕೊಟ್ಟ ಮಾತ್ರೆ ಪಟ್ಟಿ ಒಡೆದೇ ಇಲ್ವಲ್ಲ. ನಿಜ ಹೇಳಿ, ಅಮ್ಮ."

ಮ್ಯಾ ಯೀ ಹೇಳಿದಳು. ಹೇಳಿ, ಸಿಡುಕಿದಳು ಕೂಡ. "ಕೆಟ್ಟ ದಿನ ಆಪರೇಷನ್ ಆಗಿ ನಮ್ಮಮ್ಮ ಮೇಲೇಳಲೇ ಇಲ್ಲ. ನಿಮಗೇನು ಗೊತ್ತು ಡಾಕ್ಟ್ರಮ್ಮ? ಬೇರೆ ದಿನ ಕೊಡಿ."

"ನಾಲಿಗೆ ರೋಗದವರಿಗೆ ಹಾಸಿಗೆ ಸಿಗೋದು ಮಂಗಳವಾರ ಮಾತ್ರ."

ನಿಲಾರ್ ನಗಲಿಲ್ಲ, ಗದರಲಿಲ್ಲ. ಥೌಂಗ್ ಶ್ವೆಯ ಕುತ್ತಿಗೆ ಮುಟ್ಟಿ ನೋಡಿದರು. ದವಡೆಯ ಕೆಳಗೆ ಬೆರಳು ನಿಂತಿತು. ಅಲ್ಲಿ ಇನ್ನೊಂದು ಗಂಟು. ಹೋದ ವಾರ ಅದು ಇರಲಿಲ್ಲ.

"ಚಿಕ್ಕದಾಗಿ ಹಂಚಿದ್ದು ಬಿಡೋದಕ್ಕಲ್ಲ, ಅಮ್ಮ. ಆರೂ ಸೇರಿದ್ರೇನೇ ಪೂರ್ತಿ ಆಗೋದು. ಕರೆಂಟ್ ಮುಗಿದ್ಮೇಲೆ ಕೊಟ್ರೆ ಇದಕ್ಕೆ ಆ ಬಲ ಇರಲ್ಲ."

ಮ್ಯಾ ಯೀ ಭಯದಿಂದ ಗಂಡನ ಮುಖ ನೋಡಿದಳು. ನಾಲ್ಕು ದಿನದಿಂದ ಮಾತಾಡದಿದ್ದವನು ಎಂಜಲು ಒರೆಸಿಕೊಂಡು, ತಡೆತಡೆದು ಬಾಯಿ ಬಿಟ್ಟ.

"ಮೂವತ್ತು ವರ್ಷ ನಂಗೆ ಎಲೆ ಮಡಚಿ ಕೊಟ್ಟೆ. ಕೆಟ್ಟ ದಿನ ಅಂತ... ಒಂದಿನ ಆದ್ರೂ ಕೊಡದೆ ಇದ್ದ್ಯಾ?"

ಮ್ಯಾ ಯೀ ಎದ್ದು ಮೂಲೆಯ ತೊಟ್ಟಿಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದಳು. ಗಂಡನ ಅಂಗಿಯ ತೋಳನ್ನು ತಾನೇ ಮಡಚಿದಳು.

ಬಾಟಲಿ ಹನಿಯತೊಡಗಿತು.

"ಆಗಿದ್ದು ಎರಡು, ಇದು, ಇನ್ನೊಂದು. ಒಟ್ಟು ನಾಲ್ಕು. ಸಾಕಾಗುತ್ತಾ, ಡಾಕ್ಟ್ರಮ್ಮ?"

"ಹೇಳೋಕಾಗಲ್ಲ," ಎಂದರು ನಿಲಾರ್. "ಮುಂದಿನ ಮಂಗಳವಾರ ಬನ್ನಿ."

"ಅದೂ ಕೆಟ್ಟ ದಿನಾನೇ," ಎಂದಳು ಮ್ಯಾ ಯೀ. "ಬರ್ತೀವಿ."