ಹೊರಗಿನ ರಕ್ತ

ನನ್ನ ಗಂಡ ದುಂಡೇಶ ನನಗೆ ಸೋದರಮಾವ. ಗಂಡನ ತಂದೆ ಬಾಬಾಸಾಹೇಬ ನನ್ನ ತಾಯಿಗೂ ತಂದೆ. ಹಾಗಾಗಿ ನಾನೂ ನನ್ನ ಮಕ್ಕಳೂ ಅವರನ್ನು ಅಜ್ಜ ಎಂದೇ ಕರೆಯುತ್ತೇವೆ. ಮಿರಜದ ಕಡೆಯ ನಮ್ಮೂರು ಅನಂತಪುರದಲ್ಲಿ ನಮ್ಮದು ದೊಡ್ಡ ದ್ರಾಕ್ಷಿ ತೋಟ. ಆದರೆ ಅಜ್ಜ ತೋಟಕ್ಕಿಂತ ಹೆಚ್ಚು ಹೇಳಿಕೊಳ್ಳುವುದು ಒಂದೇ ಮಾತು: "ನಮ್ಮ ಮನಿತನದ ರಕ್ತ ಹೊರಗ ಹೋಗಿಲ್ಲ, ಹೊರಗಿಂದು ಒಳಗ ಬಂದಿಲ್ಲ."

ಹೊರಗಿನದು ಬರುತ್ತಲೇ ಇತ್ತು. ನನ್ನ ಸಣ್ಣ ಮಗಳು ನೀಲಮಳ ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟುವುದಿಲ್ಲ. ತಿಂಗಳು ತಿಂಗಳು ಮಿರಜದ ದವಾಖಾನೆಯಲ್ಲಿ ಬೇರೆಯವರ ರಕ್ತ ಏರಿಸಬೇಕು. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿತ್ತು, ಹತ್ತಿರದ ಸಂಬಂಧದಲ್ಲಿ ಅದು ಹೀಗೆ ಕೂಡಿಬರುತ್ತದೆ ಎಂದು ಡಾಕ್ಟರು ತಿಳಿಸಿದ್ದರು. ಅಜ್ಜ ಪ್ರತಿ ಸಲ ನರ್ಸನ್ನು ಕೇಳುತ್ತಿದ್ದರು: "ಇದು ಯಾವ ಮಂದೀದು, ಬಾಯಿ?"

"ಮನಷ್ಯಾರದ್ರಿ, ಅಜ್ಜಾರ."

ಈ ವರ್ಷ ಅಜ್ಜ ನನ್ನ ದೊಡ್ಡ ಮಗಳು ಕೋಮಲಳನ್ನು ನನ್ನ ತಮ್ಮ ವಿಕ್ರಾಂತನಿಗೆ, ಅಂದರೆ ಅವಳ ಸೋದರಮಾವನಿಗೆ, ಕೊಡುವ ಮಾತು ತೆಗೆದರು.

"ಇಬ್ಬರದೂ ರಕ್ತ ತಪಾಸ ಮಾಡಸೂಣ್ರಿ," ಎಂದೆ.

"ಎತ್ತು ಕೊಳ್ಳಾಕ ಹೊಂಟೀಯೇನ ಕಸ್ತೂರಿ? ನಮ್ಮ ರಕ್ತಕ್ಕ ಪರೀಕ್ಷಾ ಯಾಕ?"

ಊಟಕ್ಕೆ ಕುಳಿತಿದ್ದ ಇವರು, ನನ್ನ ಗಂಡ, ತಟ್ಟೆಯಿಂದ ತಲೆ ಎತ್ತಲಿಲ್ಲ. ಕೋಮಲಳೇ ಬಾಯಿಬಿಟ್ಟಳು: "ದ್ರಾಕ್ಷಿಗೆ ಕಾಡಬಳ್ಳಿ ಬೇರಿನ ಮ್ಯಾಲ ಕಸಿ ಕಟ್ಟತೀರಿ. ತನ್ನ ಬೇರ ಮ್ಯಾಲ ಬಿಟ್ರ ಬಾಳಂಗಿಲ್ಲ ಅಂತೀರಿ. ನಾವು ಬಳ್ಳಿಗಿಂತ ಕಡೀನ, ಅಜ್ಜಾ?"

"ಭಾಳ ಶ್ಯಾಣ್ಯಾಕಿ ಆಗೀದಿ," ಎಂದು ಅಜ್ಜ ಎದ್ದುಹೋದರು. ಲಗ್ನ ನಿಶ್ಚಯದ ದಿನ ಗೊತ್ತುಮಾಡಿದರು.

ಮಿರಜಕ್ಕೆ ಹೋಗುವ ಮುಂಜಾನೆ ನೀಲಮ ಹಾಸಿಗೆ ಬಿಟ್ಟೇಳಲಿಲ್ಲ. "ನನಗ ಹೊರಗಿನ ರಕ್ತ ಬ್ಯಾಡ್ರಿ ಅಜ್ಜಾ. ಅಕ್ಕನ ಈ ಲಗ್ನ ಬಿಡ್ರಿ, ಇಲ್ಲಾ ನಮ್ಮ ಮನಿತನದ್ದ ಹುಡುಕಿ ಕೊಡ್ರಿ."

ಬಯ್ದೆ. ಬೇಡಿದೆ. ಹೆತ್ತ ಮಗಳ ಕಾಲು ಹಿಡಿದೆ. "ಅವ್ವಾ, ಅಕ್ಕನ ಕೂಸು ನನ್ನಂಗ ಆಗಬಾರದು," ಎಂದಳು. ಇವರು ಎತ್ತಿಕೊಂಡು ಗಾಡಿಗೆ ಹಾಕಿ ಒಯ್ದರೆ, ಅಲ್ಲಿ ಸೂಜಿ ಕಿತ್ತುಹಾಕಿದಳು. ಹಾಗೇ ಮರಳಿ ಕರೆತಂದೆವು.

"ಹಟ. ತಾನ ಇಳೀತೈತಿ," ಎಂದರು ಅಜ್ಜ.

ವಾರಗಳು ಉರುಳಿದರೂ ಇಳಿಯಲಿಲ್ಲ. ತುಟಿ ಬಿಳಿಚಿತು, ಕಾಲು ಬಾತವು. ರೊಟ್ಟಿ ಬಡಿಯುವಾಗ ಸದ್ದು ನಿಲ್ಲಿಸಿ ನಿಲ್ಲಿಸಿ ಒಳಗಿನ ಅವಳ ಉಸಿರು ಆಲಿಸುತ್ತಿದ್ದೆ. ಒಂದು ಮಧ್ಯಾಹ್ನ ಅಜ್ಜ ತೋಟದಿಂದ ಬಂದವರೇ ಅಂಗಿಯ ತೋಳು ಮೇಲೇರಿಸಿ ಅವಳ ಪಕ್ಕ ಕುಳಿತರು. "ನಂದ ತಗೋ, ತಂಗಿ."

"ನಿಮ್ಮದ ಅಲ್ಲೇನ್ರಿ ಅಜ್ಜಾ, ನನಗ ಬಂದಿದ್ದು?" ನೀಲಮ ನಕ್ಕಳು.

ಅಜ್ಜ ಅಂಗಿಯ ತೋಳು ಇಳಿಸಿಕೊಂಡರು. ಆಮೇಲೆ ಅಲ್ಲಿಂದಲೇ ವಿಕ್ರಾಂತನಿಗೆ ಫೋನು ಹಚ್ಚಿ, ಲಗ್ನ ಆಗುವುದಿಲ್ಲ ಎಂದರು.

ಒಡನೆ ಎಲ್ಲರೂ ಮಿರಜಕ್ಕೆ ಹೊರಟೆವು. ದಾರಿಯಲ್ಲಿ ಕಾಗವಾಡ ದಾಟುವ ಹೊತ್ತಿಗೆ ನೀಲಮಳ ಮಾತು ನಿಂತಿತ್ತು. ದವಾಖಾನೆಯಲ್ಲಿ ರಕ್ತ ಏರಿಸಿದರು. ಎದೆ ಸೋತಿದೆ, ತಡವಾಯಿತು ಎಂದರು ಡಾಕ್ಟರು. ಅಜ್ಜ ಚೀಲದಿಂದ ಇಳಿಯುವ ಹನಿಗಳನ್ನೇ ನೋಡುತ್ತ ನಿಂತಿದ್ದರು. ಯಾವ ಮಂದಿಯದೆಂದು ಕೇಳಲಿಲ್ಲ.

ಚೀಲ ಖಾಲಿಯಾಗುವ ಮೊದಲೇ ನೀಲಮಳ ಉಸಿರು ನಿಂತಿತು. ನರ್ಸು ಬಂದು ಸೂಜಿ ತೆಗೆದಳು. ಕೋಮಲ ನನ್ನ ಸೆರಗು ಹಿಡಿದಳು.

"ಇನ್ನಾ ಉಳದೈತಲ್ಲ ಬಾಯಿ," ಎಂದರು ಅಜ್ಜ. "ಏರಸ್ರಿ."