ಎರಡು ಗಂಟೆ ಇಪ್ಪತ್ತು ನಿಮಿಷ

ಉಗುರಿನ ಸಂದಿಯ ಗ್ರೀಸು ಹೋಗುತ್ತಲೇ ಇರಲಿಲ್ಲ. ಲಖ್ಮೀರ್ ಸಿಂಗ್ ಇನ್ನೊಂದು ಹಿಡಿ ಮೊಸರು ತೆಗೆದುಕೊಂಡು ದರ್ಬಾರಾ ಸಿಂಗನ ಹೆಬ್ಬೆರಳಿಗೆ ತಿಕ್ಕಿದ, ನೀರು ಹೊಯ್ದ, ಮತ್ತೆ ತಿಕ್ಕಿದ.

"ಬಿಡೋ, ಅದು ಹೋಗಲ್ಲ," ಅಂದರು ಜಾಗೀರ್ ತಾಯಾ. ಫ್ರೆಸ್ನೋದ ಪಂಜಾಬಿಗಳಲ್ಲಿ ಯಾರು ಸತ್ತರೂ ಸ್ನಾನ ಮಾಡಿಸಲು ಎಲ್ಲರಿಗೂ ದೊಡ್ಡಪ್ಪನಂತಿದ್ದ ಈ ಮುದುಕರೇ ಮುಂದೆ ನಿಲ್ಲಬೇಕು. "ಮೂವತ್ತು ವರ್ಷದ ಗ್ರೀಸು. ಅಷ್ಟೂ ಇಲ್ದೇ ಹೋದ್ರೆ ಮೇಲಿನೋರು ಇವನ ಗುರುತು ಹಿಡಿಯೋದು ಹೇಗೆ?"

ಟೋನಿ ನಕ್ಕ. ಅವನು ಲಾರಿ ಕಂಪನಿಯ ಮಾಲೀಕ. ಹೆಸರಿಗೆ ಟೋನಿ, ಹುಟ್ಟಿದ್ದು ಜಲಂಧರ್ ಹತ್ತಿರದ ಹಳ್ಳಿಯಲ್ಲಿ. ದರ್ಬಾರಾನ ತಲೆಗೆ ಸುತ್ತಲು ಗಂಜಿ ಹಾಕಿದ ನೀಲಿ ಪೇಟದ ಬಟ್ಟೆಯ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ತುದಿ ತಾಯಾ ಕೈಯಲ್ಲಿ. ಇಬ್ಬರೂ ಎಳೆದು ಮಡಿಕೆ ಹಾಕುತ್ತಿದ್ದರು.

"ಎದೆನೋವು ಇಟ್ಕೊಂಡು ತೆಹಾಚಪಿ ಘಾಟಿ ಇಳಿಸಿದಾರೆ, ತಾಯಾಜಿ. ಅದೂ ಆ ಮಂಜಲ್ಲಿ!" ಟೋನಿ ಆರು ದಿನಗಳಿಂದ ಇದನ್ನೇ ಹೇಳುತ್ತಿದ್ದ. "ಬೇಕರ್ಸ್‌ಫೀಲ್ಡಲ್ಲಿ ಗಾಡಿ ನೆಟ್ಟಗೆ ನಿಲ್ಲಿಸಿ, ಬ್ರೇಕ್ ಎಳೆದು, ಹಿಂದೆ ಹೋಗಿ ಮಲಗಿದ್ರು. ಮುಗೀತು. ಯಾರಿಗೆ ಬರುತ್ತೆ ಹೇಳಿ ಇಂಥ ಸಾವು? ಅಲ್ವೇನೋ ಲಖ್ಮೀರ?"

ಲಖ್ಮೀರ ಪಕ್ಕದ ಬೆರಳಿಗೆ ಮೊಸರು ಹಚ್ಚಿದ. ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗಿತು. ನೋಡದೆಯೇ ಅವನಿಗೆ ಗೊತ್ತಿತ್ತು, ಅದು ಯಾರದೂ ಕರೆಯಲ್ಲ. ಲಾರಿ ಓಡಿದ ಹೊತ್ತನ್ನು ಬರೆದಿಡುವ ಡಬ್ಬಿಯ ಜ್ಞಾಪನೆ: ಮಂಗಳವಾರದ ದಾಖಲೆಗೆ ನಿಮ್ಮ ಸಹಿ ಬಾಕಿ ಇದೆ. 'ಈ ಮೇಲಿನದೆಲ್ಲ ಸತ್ಯ' ಎಂದು ಬರೆದಿರುವ ಕಡೆ ಒಂದು ಸಲ ಬೆರಳು ಒತ್ತಿದರೆ ಆಯಿತು. ಆರು ದಿನಗಳಿಂದ ಅವನ ಬೆರಳು ಅಲ್ಲಿಗೆ ಹೋಗಿರಲಿಲ್ಲ.

* * *

ಡಬ್ಬಿ ಬಂದ ಹೊಸದರಲ್ಲಿ ದರ್ಬಾರಾ ಸಿಂಗ್ ಅದಕ್ಕೆ ಪಟವಾರಿ ಎಂದು ಹೆಸರಿಟ್ಟಿದ್ದ. ಊರಿನಲ್ಲಿ ಹೊಲದ ಲೆಕ್ಕ ಬರೆಯುವ ಪಟವಾರಿ ಒಮ್ಮೆ ಬರೆದರೆ ಮುಗಿಯಿತು, ನಿಮ್ಮಪ್ಪನ ಹೊಲ ನಿಮ್ಮದಲ್ಲ ಅಂದರೂ ಅಲ್ಲವೇ. ಇದೂ ಹಾಗೆಯೇ. ಸ್ಟೀರಿಂಗಿನ ಪಕ್ಕದಲ್ಲಿ ಎರಡು ಅಂಗೈಯಷ್ಟಗಲದ ಪರದೆ, ಅದರ ತಂತಿ ಇಂಜಿನ್ನಿನ ಹೊಟ್ಟೆಗೆ. ಚಕ್ರ ಉರುಳಿದರೆ ಬರೆದುಕೊಳ್ಳುತ್ತದೆ, ನಿಂತರೆ ಬರೆದುಕೊಳ್ಳುತ್ತದೆ. ಹನ್ನೊಂದು ಗಂಟೆ ಓಡಿಸಿದರೆ ನಿಮ್ಮ ದಿನ ಮುಗಿಯಿತು, ಮುಂದಿನ ಹತ್ತು ಗಂಟೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

"ಕಾಗದದ ಪುಸ್ತಕದಲ್ಲಿ ಗಂಟೆ ಬರೀತಿದ್ದಾಗ ನಾನು ಕಳ್ಳ, ಒಪ್ಪಿದೆ," ಎನ್ನುತ್ತಿದ್ದ ದರ್ಬಾರಾ. "ಆದ್ರೆ ನಿದ್ದೆ ಬಂದಾಗ ಮಲಗ್ತಿದ್ದೆ, ಎಚ್ಚರ ಆದಾಗ ಓಡಿಸ್ತಿದ್ದೆ. ಈಗ ನಿದ್ದೆ ಬಂದ್ರೆ ಪಟವಾರಿ ಹೊತ್ತಾಯ್ತು ಓಡಿಸು ಅಂತಾನೆ. ಚೆನ್ನಾಗಿ ಎಚ್ಚರ ಇದ್ರೆ ಮಲಗು ಅಂತಾನೆ. ನನ್ನ ಹೆಂಡ್ತಿ ಕೂಡ ಇಷ್ಟು ಅಧಿಕಾರ ಮಾಡಿಲ್ಲ ಕಣೋ."

ಅದಕ್ಕೇ ಅವನು ಲಖ್ಮೀರನನ್ನು ಜೊತೆಗೆ ಹಾಕಿಕೊಂಡಿದ್ದು. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಾಸಿಗೆಯಲ್ಲಿ, ಬಟ್ಟೆಯ ಪರದೆ ಎಳೆದುಕೊಂಡು. ಲಾರಿ ದರ್ಬಾರಾನದು, ನೀಲಿ ಬಣ್ಣದ್ದು, ಟೋನಿಯ ಕಂಪನಿಗೆ ಬಾಡಿಗೆಗೆ ಓಡುತ್ತಿತ್ತು. ಏಳು ವರ್ಷ ಇಬ್ಬರೂ ಒಂದೇ ಹಾಸಿಗೆಯ ಬಿಸಿಯಲ್ಲಿ ಸರದಿ ಪ್ರಕಾರ ಮಲಗಿದ್ದರು. ಡಬ್ಬಿಗೆ ಹಾಕುವ ಒಬ್ಬರ ಗುಪ್ತ ಸಂಖ್ಯೆ ಇನ್ನೊಬ್ಬರಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಮಂಗಳವಾರದ ತನಕ ಇಬ್ಬರೂ ಅದನ್ನು ಬಳಸಿರಲಿಲ್ಲ.

* * *

ಸಭಾಂಗಣದಲ್ಲಿ ಜನ ಸಾಲಾಗಿ ಬಂದು ಶವಪೆಟ್ಟಿಗೆಗೆ ಹೂವಿನ ಎಸಳು ಹಾಕಿ ಹೋಗುತ್ತಿದ್ದರು. ಪಕ್ಕದ ಮೇಜಿನ ಮೇಲೆ ದರ್ಬಾರಾನ ಫೋಟೋ. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಟೋನಿ ಮಾಡಿಸಿದ್ದು: ಮಂಗಳವಾರದ ದಾಖಲೆ. ದಿನದ ಇಪ್ಪತ್ತನಾಲ್ಕು ಗಂಟೆಗೆ ಒಂದೇ ಗೆರೆ. ಬೆಳಗಿನ ಒಂಬತ್ತರ ತನಕ ಅದು ಮಲಗುವ ಸಾಲಿನಲ್ಲಿ ನೆಟ್ಟಗೆ ಹರಿದು, ಒಂಬತ್ತಕ್ಕೆ ಓಡಿಸುವ ಸಾಲಿಗೆ ಇಳಿದು, ಹನ್ನೊಂದು ಇಪ್ಪತ್ತಕ್ಕೆ ಮತ್ತೆ ಮಲಗುವ ಸಾಲಿಗೆ ಏರಿತ್ತು. ಡ್ರೈವರುಗಳು ಅದರ ಮುಂದೆ ನಿಂತು ಕೈ ಮುಗಿಯುತ್ತಿದ್ದರು. ಅವರಿಗೆ ಅದನ್ನು ಓದಲು ಯಾರೂ ಹೇಳಿಕೊಡಬೇಕಿರಲಿಲ್ಲ.

ದರ್ಬಾರಾನ ಹೆಂಡತಿ ನಸೀಬ್ ಕೌರ್ ಲಖ್ಮೀರನನ್ನು ಕೈಸನ್ನೆ ಮಾಡಿ ಕರೆದಳು. ಬಿಳಿ ದುಪಟ್ಟಾದೊಳಗೆ ಅವಳ ಮುಖ ಒಣಗಿತ್ತು. ಆರು ದಿನದಲ್ಲಿ ಅವಳು ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ಹೆಂಗಸರು ಆಗಲೇ ಮಾತಾಡಿಕೊಂಡಿದ್ದರು.

"ನನಗೆ ಇದನ್ನ ಓದೋಕೆ ಬರಲ್ಲ. ಟೋನಿ ತೋರಿಸ್ಕೊಟ್ಟ," ಎಂದು ಅವಳು ಚೌಕಟ್ಟಿನ ಗಾಜಿನ ಮೇಲೆ ಉಗುರಿಟ್ಟಳು. "ಒಂಬತ್ತೂಕಾಲಿಗೆ ನಾನು ಫೋನ್ ಮಾಡ್ದೆ. ಇಲ್ಲಿ. ಒಂಬತ್ತೂ ಮುಕ್ಕಾಲಿಗೆ, ಇಲ್ಲಿ. ಹತ್ತೂವರೆಗೆ. ಹನ್ನೊಂದಕ್ಕೆ. ನಾಲ್ಕು ಸಲ ರಿಂಗಾಯ್ತು. ಇವರು ಎದ್ದು ಕೂತಿದ್ರಲ್ಲ ಲಖ್ಮೀರ, ಸ್ಟೀರಿಂಗ್ ಹಿಡ್ಕೊಂಡು?"

"ಮಂಜಿತ್ತು ಭಾಬಿ..."

"ಮಂಜಲ್ಲೂ ಎತ್ತೋರು. ಹಿಮ ಬೀಳ್ತಿದ್ರೂ ಎತ್ತೋರು. ಫೋನು ಯಾವಾಗ್ಲೂ ಕಿವೀಲೇ ಇರ್ತಿತ್ತು ಅವರಿಗೆ. ದಿನಾ ಗುರುದ್ವಾರದಿಂದ ಬಂದು ಅವತ್ತಿನ ವಚನ ಹೇಳ್ತಿದ್ದೆ, 'ಆಯ್ತು ಮಹಾರಾಣಿ' ಅಂತಿದ್ರು. ಮೂವತ್ತು ವರ್ಷದಲ್ಲಿ ಒಂದಿನ ತಪ್ಪಿಸಿಲ್ಲ." ಅವಳ ಉಗುರು ಗಾಜಿನ ಮೇಲೆಯೇ ಇತ್ತು. "ಹೊರಡೋ ದಿನ ಜಗಳ ಆಯ್ತು. ಡಾಕ್ಟರು ಬೇಡ ಅಂದಿದಾರೆ, ಹೋಗಬೇಡಿ ಅಂದೆ. ಇದೊಂದು ಸಲ ಅಂದ್ರು. ರೊಟ್ಟಿ ಕಟ್ಟಿಕೊಡ್ಲಿಲ್ಲ ನಾನು. ಆ ಲಾರೀಲೇ ಸಾಯಿರಿ ಹೋಗಿ ಅಂದೆ."

ಲಖ್ಮೀರ ಗಾಜಿನ ಮೇಲಿದ್ದ ಅವಳ ಉಗುರನ್ನೇ ನೋಡಿದ.

"ನನ್ನ ಹೆಸರು ನೋಡಿದ್ರಾ? ನೋಡಿ ಸುಮ್ನೆ ಇಟ್ರಾ? ಅಷ್ಟು ಹೇಳು ಸಾಕು. ಇದನ್ನ ನಡುಮನೇಲಿ ಹಾಕ್ತಾನಂತೆ ಟೋನಿ. ದಿನಾ ನೋಡ್ಕೊಂಡು ಕೂತ್ಕೋಬೇಕು ನಾನು, ಎರಡು ಗಂಟೆ ಇಪ್ಪತ್ತು ನಿಮಿಷ ಅವರು ನನ್ನ ಮೇಲೆ ಮುನಿಸ್ಕೊಂಡಿದ್ದನ್ನ."

ಅಷ್ಟರಲ್ಲಿ ಜಾಗೀರ್ ತಾಯಾ ಬಂದು ಹೊತ್ತಾಯಿತು ಎಂದರು. ಲಖ್ಮೀರ ಬದುಕಿದೆ ಎಂದುಕೊಂಡ, ಹಾಗೆ ಅಂದುಕೊಂಡಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಪಟ್ಟ.

* * *

ಆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಾರ್ಸ್ಟೋದಲ್ಲಿ ಲಖ್ಮೀರನ ಹನ್ನೊಂದು ಗಂಟೆ ಮುಗಿಯಿತು. ಪಟವಾರಿ ಕೆಂಪಾಗಿ ಕೂಗಿಕೊಂಡ. ಇನ್ನು ದರ್ಬಾರಾನ ಸರದಿ. ಅರಿಜೋನಾದಲ್ಲಿ ಮಲಗಲು ಹೋಗುವಾಗ ಅವನು ಎದೆ ಉರಿ ಅಂದಿದ್ದ, ಒಂದು ಚಿಟಿಕೆ ಓಮದ ಕಾಳು ಅಗಿದು, "ಬಾರ್ಸ್ಟೋದಲ್ಲಿ ಎಬ್ಬಿಸು" ಅಂದಿದ್ದ.

"ಪಾಜಿ," ಎಂದು ಲಖ್ಮೀರ, ಅಣ್ಣನನ್ನು ಕರೆಯುವ ಹಾಗೆ, ಹಾಸಿಗೆಯ ಪರದೆಯ ಈಚೆಯಿಂದ ಕೂಗಿದ. ಇನ್ನೊಂದು ಸಲ ಕೂಗಿದ. ಮಾತಿಲ್ಲ.

ಪರದೆ ಸರಿಸಿದ್ದರೆ ಆಗುತ್ತಿತ್ತು. ಒಂದು ಗೇಣು ದೂರ. ಪಾಪ, ರಾತ್ರಿಯೆಲ್ಲ ನರಳಿದ್ದಾನೆ, ಮಲಗಿರಲಿ ಎಂದುಕೊಂಡ. ಅದು ಪ್ರೀತಿಯೇ, ಸುಳ್ಳಲ್ಲ. ಆದರೆ ಪೂರ್ತಿ ಪ್ರೀತಿಯೂ ಅಲ್ಲ. ದರ್ಬಾರಾ ಎದ್ದರೆ ಹಲ್ಲುಜ್ಜಿ, ಚಹಾ ಮಾಡಿ, ಟೈರೆಲ್ಲ ತಟ್ಟಿ ನೋಡಿ ಹೊರಡಲು ಮುಕ್ಕಾಲು ಗಂಟೆ. ಎರಡಕ್ಕೆ ಸರಿಯಾಗಿ ಫ್ರೆಸ್ನೋದ ಗೋದಾಮು ಮುಟ್ಟದಿದ್ದರೆ ಸರಕು ಇಳಿಸುವುದು ಮರುದಿನವೇ. ಲಖ್ಮೀರನಿಗೆ ಮನೆ ಸೇರಬೇಕಿತ್ತು, ತನ್ನದೇ ಮಂಚದಲ್ಲಿ ಮಲಗಬೇಕಿತ್ತು. ಅವನು ತನ್ನ ಹೆಸರಿನಿಂದ ಹೊರಬಂದು, ದರ್ಬಾರಾನ ಹೆಸರಿಗೆ ಅವನ ನಾಲ್ಕು ಅಂಕಿ ಹಾಕಿದ. ಪಟವಾರಿ ಹಸಿರಾದ. ಲಾರಿ ಹೊರಟಿತು.

ದಾರಿಯಲ್ಲಿ ಪರದೆಯ ಹಿಂದೆ ಫೋನು ಗುಂಯ್ ಎಂದಿತು. ನಾಲ್ಕು ಸಲ. ಗಟ್ಟಿ ನಿದ್ದೆ, ಒಳ್ಳೆಯದೇ ಆಯಿತು ಎಂದುಕೊಂಡ ಲಖ್ಮೀರ.

ಬೇಕರ್ಸ್‌ಫೀಲ್ಡಲ್ಲಿ ಗಾಡಿ ನಿಲ್ಲಿಸಿ, ದರ್ಬಾರಾನ ಹೆಸರನ್ನು ಮತ್ತೆ ಮಲಗುವ ಸಾಲಿಗೆ ಹಾಕಿ, ಎರಡು ಲೋಟ ಚಹಾ ತಂದು, ಪರದೆ ಎಳೆದ. ಮುಟ್ಟಿದ ಕೂಡಲೇ ಗೊತ್ತಾಯಿತು. ಈಗ ತಾನೇ ಹೋದವನ ಮೈ ಹಾಗಿರುವುದಿಲ್ಲ. ಪೊಲೀಸಿನವನು ಬಂದು ಯಾರು ಓಡಿಸುತ್ತಿದ್ದುದು ಎಂದು ಕೇಳಿದಾಗ ಲಖ್ಮೀರ ಹೇಳಿದ್ದು ಡಬ್ಬಿ ಹೇಳಿದ್ದನ್ನೇ. ಹೃದಯದ ಕಾಯಿಲೆಯ ಮಾತ್ರೆಗಳು ದಿಂಬಿನ ಪಕ್ಕದಲ್ಲೇ ಇದ್ದವು, ಯಾರೂ ಹೆಚ್ಚು ಕೇಳಲಿಲ್ಲ.

* * *

ಮಕ್ಕಳಿಲ್ಲದ ಮನೆ. ಶವ ಸುಡುವ ಕುಲುಮೆಯ ಗುಂಡಿ ಒತ್ತುವವರು ಯಾರು ಎಂಬ ಪ್ರಶ್ನೆ ಬಂದಾಗ ನಸೀಬ್ ಕೌರ್, "ತಮ್ಮನ ಹಾಗಿದ್ದೋನು ಇವನೇ," ಎಂದು ಲಖ್ಮೀರನನ್ನು ಮುಂದೆ ತಳ್ಳಿದಳು. ಅವನು ಒತ್ತಿದ. ಒಳಗೆ ಬೆಂಕಿ ಹೊತ್ತಿಕೊಂಡ ಸದ್ದು ಕಾಂಕ್ರೀಟಿನ ನೆಲದಿಂದ ಅವನ ಕಾಲಿಗೆ ಬಂತು. ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಮಂಜಿನಲ್ಲಿ ನಲವತ್ತು ಲಾರಿಗಳು, ಹಿಂದಿನ ಟ್ರೇಲರ್ ಕಳಚಿ ಬರೀ ಮುಂಭಾಗದಲ್ಲಿ, ಗುರುದ್ವಾರದ ತನಕ ಮೆರವಣಿಗೆ ಹೋಗಲು ನಿಂತಿದ್ದವು. ಮೊದಲಿಗೆ ದರ್ಬಾರಾನ ನೀಲಿ ಲಾರಿ. ಲಖ್ಮೀರ ಹತ್ತಿ ಕೂತ. ಆಚೆ ಬಾಗಿಲು ತೆಗೆದುಕೊಂಡಿತು. ನಸೀಬ್ ಕೌರ್ ಒಂದು ಕೈಯಲ್ಲಿ ದುಪಟ್ಟಾ ಹಿಡಿದು, ಇನ್ನೊಂದರಲ್ಲಿ ಕಂಬಿ ಹಿಡಿದು ಹತ್ತುತ್ತಿದ್ದಳು.

"ಭಾಬಿ, ಕಾರಲ್ಲಿ ಬನ್ನಿ, ನಿಮಗೆ ಕಷ್ಟ..."

"ಓಡಿಸು."

ಹೆದ್ದಾರಿಗೆ ಬಂದರು. ಹಿಂದೆ ಮೂವತ್ತೊಂಬತ್ತು ಜೊತೆ ದೀಪ. ನಿಲ್ಲಿಸುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಪಕ್ಕದಲ್ಲಿ ಅವಳು ಕತ್ತು ತಿರುಗಿಸಿ ಹಿಂದಿನ ಪರದೆಯನ್ನೇ ನೋಡುತ್ತಿದ್ದಳು.

"ಭಾಬಿ, ಅವರು ನಿಮ್ಮ ಹೆಸರು ನೋಡ್ಲಿಲ್ಲ," ಎಂದ ಲಖ್ಮೀರ. "ಓಡಿಸ್ತಿದ್ದಿದ್ದು ಅವರಲ್ಲ. ನಾನು. ನನ್ನ ಗಂಟೆ ಮುಗಿದಿತ್ತು, ಅವರ ಹೆಸರು ಹಾಕ್ಕೊಂಡೆ. ಅವರು ಹಿಂದೆ ಇದ್ರು."

"ಮಲಗಿದ್ರಾ?"

"ಬೇಕರ್ಸ್‌ಫೀಲ್ಡಲ್ಲಿ ಮುಟ್ಟಿ ನೋಡ್ದೆ. ತಣ್ಣಗಾಗಿದ್ರು ಭಾಬಿ. ತುಂಬ ಹೊತ್ತಾಗಿತ್ತು."

"ಫೋನು?"

"ಗುಂಯ್ ಅಂತಿತ್ತು. ನಾಲ್ಕು ಸಲವೂ ನನಗೆ ಕೇಳಿಸ್ತು."

ಅವಳು ಹಿಂದಿನ ಪರದೆಯಿಂದ ಮುಖ ತಿರುಗಿಸಿದಳು. ಆಮೇಲೆ ಮುಷ್ಟಿ ಕಟ್ಟಿ ಅವನ ಭುಜಕ್ಕೆ ಗುದ್ದಿದಳು. ಮತ್ತೆ ಗುದ್ದಿದಳು. ಲಖ್ಮೀರ ಸ್ಟೀರಿಂಗನ್ನು ಅಲುಗಾಡದಂತೆ ಹಿಡಿದು ಏಟು ತಿಂದ.

"ಆರು ದಿನ! ಆರು ದಿನ ಬೇಯಿಸಿದ್ಯಲ್ಲೋ ನನ್ನನ್ನ! ಹೆಣ ಹಿಂದೆ ಹಾಕ್ಕೊಂಡು ಅದರ ಹೆಸರಲ್ಲಿ ಲಾರಿ ಓಡಿಸಿದ್ಯಲ್ಲ, ಮನುಷ್ಯನೇನೋ ನೀನು?" ಗುದ್ದಿ ಗುದ್ದಿ ಅವಳ ಕೈ ಸೋತಿತು. "ಹಾಗಾದ್ರೆ ಮುನಿಸ್ಕೊಂಡಿರ್ಲಿಲ್ಲ," ಅಂದಳು. "ಬದುಕಿದ್ದಿದ್ರೆ ಎತ್ತೋರು."

"ಎತ್ತೋರು ಭಾಬಿ."

ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಆರು ದಿನದ ಅಳು ಒಟ್ಟಿಗೇ ಬಂತು. ಗುರುದ್ವಾರದ ಗೋಪುರ ಮಂಜಿನಲ್ಲಿ ಕಾಣುವ ತನಕ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಬಾರ್ಸ್ಟೋದಲ್ಲಿ ಪರದೆ ಸರಿಸಿ ನೋಡಿದ್ದಿದ್ರೆ?"

"ಗೊತ್ತಿಲ್ಲ ಭಾಬಿ. ಅದೊಂದು ನನಗೂ ಗೊತ್ತಿಲ್ಲ."

ಅವಳು ಪರವಾಗಿಲ್ಲ ಎನ್ನಲಿಲ್ಲ. ಅವನೂ ಅದನ್ನು ನಿರೀಕ್ಷಿಸಿರಲಿಲ್ಲ.

ಅಂಗಳದಲ್ಲಿ ಲಾರಿ ನಿಂತಿತು. ಜನ ನಲ್ಲಿಯ ಹತ್ತಿರ ಕೈ ಮುಖ ತೊಳೆದು ಒಳಗೆ ಹೋಗುತ್ತಿದ್ದರು. ಒಳಗಿನಿಂದ ದಾಲ್ ಒಗ್ಗರಣೆಯ ವಾಸನೆ ಬಂತು. ಲಖ್ಮೀರ ಪಟವಾರಿಯ ಪರದೆ ತೆರೆದು ಮಂಗಳವಾರಕ್ಕೆ ಹೋದ. ಒಂಬತ್ತರಿಂದ ಹನ್ನೊಂದು ಇಪ್ಪತ್ತರ ತನಕದ ಗೆರೆಯ ಮೇಲೆ ಬೆರಳಿಟ್ಟು, ಚಾಲಕನ ಹೆಸರು ತಪ್ಪಾಗಿದೆ ಎಂಬಲ್ಲಿ ಒತ್ತಿದ. ದರ್ಬಾರಾ ಸಿಂಗ್ ಅಳಿಸಿ ಲಖ್ಮೀರ್ ಸಿಂಗ್ ಎಂದು ಹಾಕಿದ.

ಟೋನಿ ಲಾರಿಯ ಬಾಗಿಲ ಬಳಿ ಬಂದವನು ಕತ್ತು ಚಾಚಿ ನೋಡಿದ. ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು.

"ತಲೆ ಕೆಟ್ಟಿದ್ಯೇನೋ? ಹದಿಮೂರು ಗಂಟೆ ಆಗುತ್ತೆ ನಿಂದು! ಲೈಸೆನ್ಸ್ ಕಿತ್ಕೋತಾರೆ, ನನ್ನ ಕಂಪನೀನೂ ಮುಚ್ಚಿಸ್ತಾರೆ. ಸತ್ತೋರಿಗೆ ಏನಾಗ್ಬೇಕು ಇದ್ರಿಂದ? ಡಬ್ಬೀಲಿ ಏನಿದ್ಯೋ ಅದೇ ನಿಜ."

"ಟೋನಿ," ಎಂದಳು ನಸೀಬ್ ಕೌರ್ ಮೇಲಿನಿಂದ. "ಆ ಚೌಕಟ್ಟು ನಮ್ಮನೆಗೆ ತರಬೇಡ."

ಲಖ್ಮೀರ ಗುಂಡಿ ಒತ್ತಿದ. ಪರದೆ ಒಂದು ಕ್ಷಣ ಯೋಚಿಸಿ ಹಳದಿಯಾಯಿತು. ಸಣ್ಣ ಚಕ್ರವೊಂದು ಸುತ್ತತೊಡಗಿತು.

"ಏನಂತೆ?" ಎಂದು ಕೇಳಿದಳು ಅವಳು.

"ಇಬ್ಬರು ಡ್ರೈವರು ಇರೋ ಗಾಡೀಲಿ ಒಬ್ಬನೇ ತಿದ್ದೋ ಹಾಗಿಲ್ಲ. ಪಾಜಿನೂ ಒಪ್ಪಬೇಕು."

"ಒಪ್ಪಬೇಕು ಅಂದ್ರೆ?"

"ಅವರ ನಂಬರ್ ಹಾಕಿ ಒತ್ತಬೇಕು."

"ನಿನಗೆ ಗೊತ್ತಲ್ಲ. ಏನು ನಂಬರು?"

"ಒಂದು, ಒಂಬತ್ತು, ಎಂಟು, ಒಂಬತ್ತು."

ನಸೀಬ್ ಕೌರ್ ಮದುವೆಯಾಗಿ ಆ ಮನೆಗೆ ಬಂದ ವರ್ಷ ಅದು.

"ನಾನು ಇನ್ನೊಂದು ಸಲ ಅದನ್ನ ಹಾಕಲ್ಲ ಭಾಬಿ," ಎಂದ ಲಖ್ಮೀರ.

ಅವಳು ಹಿಂದಿನ ಬಟ್ಟೆಯ ಪರದೆ ಸರಿಸಿ, ಹಾಸಿಗೆಯ ಕೆಳಗಿದ್ದ ಗಂಡನ ಚಪ್ಪಲಿ, ಸ್ಟೀಲಿನ ಲೋಟ, ಓಮದ ಡಬ್ಬಿ ಎತ್ತಿ ಮಡಿಲಿಗೆ ಹಾಕಿಕೊಂಡಳು. ಇಬ್ಬರೂ ಇಳಿದು ನಲ್ಲಿಯ ಕಡೆ ನಡೆದರು. ಹಿಂದೆ, ಖಾಲಿ ಲಾರಿಯ ಗಾಜಿನೊಳಗೆ, ಹಳದಿ ಪರದೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು, ಅದರ ಕೆಳಗೆ ಒಂದೇ ಸಾಲು: ದರ್ಬಾರಾ ಸಿಂಗ್ ಅವರ ಉತ್ತರಕ್ಕಾಗಿ ಕಾಯಲಾಗುತ್ತಿದೆ.